ಉಂಡ ಮೇಲೆ ಕೇಳೋಣ

ಸಾನ್ ಅಂತೋನಿಯೊ, ಸೈಪಾನ್
ಭಾನುವಾರ, ಜುಲೈ ೧೦, ೧೯೯೪

ಪ್ರೀತಿಯ ಚೋಲೆ ಅಕ್ಕಾ,

ಇಲ್ಲಿಂದಲೇ ನಿನ್ನ ಕೈಯನ್ನು ಮೂಗಿಗೆ ತಾಗಿಸಿಕೊಂಡು ಆಶೀರ್ವಾದ ಪಡೆದೆ ಎಂದು ತಿಳಿದುಕೋ. ಮೊಣಕಾಲು ಹೇಗಿದೆ? ಹೋದ ಸಲ ನೀನು ಬರೆದದ್ದು ಒಟ್ಟು ನಾಲ್ಕು ಸಾಲು. ಅದರಲ್ಲಿ ಎರಡು ಮಳೆಯ ಪಾಲು, ಒಂದು ಮಠದ ಹಿರಿಯ ತಾಯಿಯ ಪಾಲು, ಮೊಣಕಾಲಿಗೆ ಸಿಕ್ಕಿದ್ದು ಒಂದೇ ಸಾಲು. ಗುವಾಮಿನ ಆ ಸನ್ಯಾಸಿನಿಯರ ಮಠದ ಕಲ್ಲುನೆಲದ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಮಂಡಿಯೂರಿದವಳಿಗೆ ಮಂಡಿ ನೋಯದೆ, ಕೂತು ಉಣ್ಣುವ ನನಗೆ ನೋಯುತ್ತದೆಯೇ? ರುಫಿನಾ ತೆಂಗಿನೆಣ್ಣೆಗೆ ಯಾವುದೋ ಸೊಪ್ಪು ಹಾಕಿ ಕಾಸಿ ಒಂದು ಸೀಸೆ ಮಾಡಿಟ್ಟಿದ್ದಾಳೆ. ಗುವಾಮಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇವೆ. "ಪ್ರಾರ್ಥನೆಗೆ ಮೊದಲು ಹಚ್ಕೋಬೇಕು, ಆಮೇಲಲ್ಲ ಅಂತ ಅತ್ತಿಗೆಗೆ ಬರೀರಿ" ಎಂದು ನನ್ನ ಹೆಂಡತಿಯ ಅಪ್ಪಣೆ. ಬರೆದಿದ್ದೇನೆ.

ನಾವು ಇದ್ದ ಹಾಗೇ ಇದ್ದೇವೆ. ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ನಾನು ಬೆಂಕಿಗಾಗಿ ಕಾಯುತ್ತಲೇ ಇದ್ದೇನೆ. ಬೆಂಕಿಗೆ ನನ್ನ ನೆನಪಿಲ್ಲ. ಹೊಗೆ ಕಂಡರೆ ಓಡು, ಕಾಣದಿದ್ದರೆ ಹಾಡು ಎಂಬುದು ನಮ್ಮ ಠಾಣೆಯ ಧರ್ಮ. ನಾನು ಎರಡನೆಯ ಅರ್ಧದಲ್ಲಿ ಪಳಗಿದವನು. ಅಮ್ಮನ ಕಣ್ಣಿನ ಪೊರೆ ಇನ್ನಷ್ಟು ದಪ್ಪವಾಗಿದೆ. ಶಸ್ತ್ರಚಿಕಿತ್ಸೆ ಎಂದರೆ "ನೋಡೋದೆಲ್ಲ ನೋಡಿ ಆಯ್ತು" ಎನ್ನುತ್ತಾಳೆ. ಈ ಮಾತನ್ನು ಅವಳು ಮೇ ತಿಂಗಳಲ್ಲಿ ಹೇಳಿದ್ದು. ಜೂನ್‌ನಲ್ಲಿ ಹೇಳಲಿಲ್ಲ. ಯಾಕೆಂದು ತಿಳಿಸುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಫೋನು ಇರುವುದು ಅಮ್ಮನ ಕುರ್ಚಿಯ ಪಕ್ಕದಲ್ಲಿ. ಕಣ್ಣು ಮಂಜಾದಷ್ಟೂ ಅವಳ ಕಿವಿ ಚುರುಕಾಗುತ್ತಿದೆ.

ಜಪಾನಿನವರನ್ನು ಓಡಿಸಲು ಅಮೆರಿಕನ್ನರು ನಮ್ಮ ದಡಕ್ಕೆ ಇಳಿದು ಐವತ್ತು ವರ್ಷವಾಯಿತಲ್ಲ, ಅದಕ್ಕೆಂದು ಅವರ ಹಳೆಯ ಸೈನಿಕರು ಒಂದು ವಿಮಾನ ತುಂಬ ಬಂದರು. ಅದೇ ಅಸ್ಲಿತೊ ಬಯಲಿನಲ್ಲಿ, ಈಗಿನ ನಮ್ಮ ವಿಮಾನ ನಿಲ್ದಾಣದಲ್ಲಿ, ಇಳಿದರು. ಅಂದು ಬಾಂಬು ಹೊತ್ತು ಹಾರಿದವರು ಇಂದು ಊರುಗೋಲು ಊರಿ ಬಂದರು. ಒಬ್ಬೊಬ್ಬರೂ ಮೆಟ್ಟಿಲಿಳಿದು ನಿಂತು ರನ್‌ವೇಯನ್ನು ನೋಡುವ ರೀತಿ ನೀನು ನೋಡಿದ್ದರೆ ಮಾರಿಹೋದ ಮನೆಯ ಮುಂದೆ ನಿಂತವರು ಎನ್ನುತ್ತಿದ್ದೆ. ನಾನು ಠಾಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾರಿದವರು ಯಾರು, ಮನೆ ಯಾರದು ಎಂದು ಯೋಚಿಸಲು ಹೋಗಲಿಲ್ಲ. ಸಂಬಳ ಬರುವುದು ಆ ಬಯಲಿನಿಂದಲೇ.

ಚರ್ಚಿನ ಸಭಾಂಗಣದಲ್ಲಿ ಅವರು ತಮ್ಮ ಹಳೆಯ ಫೋಟೋಗಳನ್ನು ಹಲಗೆಗಳಿಗೆ ಅಂಟಿಸಿ ಪ್ರದರ್ಶನವಿಟ್ಟಿದ್ದರು. ಅಮ್ಮನಿಗೆ ಹೋಗುವ ಮನಸ್ಸಿರಲಿಲ್ಲ. ಗೊಯೊ ಮಾವ ಬಂದು, ಅಲ್ಲಿ ಕೇಕು ಕೊಡುತ್ತಾರೆ ಎಂದು ಎಬ್ಬಿಸಿಕೊಂಡು ಹೊರಟ. ಅಮ್ಮನ ದೊಡ್ಡಪ್ಪನ ಮಗ ಗೊಯೊ ಹೇಗೆಂದು ನಿನಗೆ ಗೊತ್ತಲ್ಲ, ಎಂಬತ್ತರ ಹತ್ತಿರವಾದರೂ ಸಕ್ಕರೆ ಎಲ್ಲಿದೆಯೋ ಅಲ್ಲಿ ಇರುವೆಗಿಂತ ಮೊದಲು ಅವನು. ನೂರಾರು ಫೋಟೋಗಳು, ಅಕ್ಕ. ಬಾಂಬರ್ ವಿಮಾನಗಳ ಸಾಲು, ಅವುಗಳ ಮೂತಿಯ ಮೇಲೆ ಬರೆದ ಹುಡುಗಿಯರ ಚಿತ್ರ, ಡ್ರಮ್ಮಿನ ನೀರಲ್ಲಿ ಸ್ನಾನ ಮಾಡುವ ಹುಡುಗರು, ಹವಳದ ಪುಡಿ ಹಾಸಿ ಬೆಳ್ಳಗೆ ಮಾಡಿದ ದಾರಿಗಳು. ನಮ್ಮ ದ್ವೀಪದ ಚಿತ್ರಗಳಲ್ಲಿ ನಾವೇ ಇಲ್ಲ. ಇದ್ದರೂ ಯಾವುದೋ ಮೂಲೆಯಲ್ಲಿ ಬಟ್ಟೆ ಒಗೆಯುತ್ತಾ, ಇಲ್ಲವೇ ಬೇಲಿಯ ಆಚೆ ಕಣ್ಣು ಕಿರಿದು ಮಾಡಿಕೊಂಡು. "ನೋಡೇ ನಿಬೆಸ್, ಇವರು ಯುದ್ಧಕ್ಕೆ ಬಂದಿದ್ದಲ್ಲ, ವಿಮಾನಾನ ಮದುವೆಯಾಗೋಕೆ ಬಂದಿದ್ದು. ಎಲ್ಲಾ ಫೋಟೋದಲ್ಲೂ ಮದುಮಗಳ ಹಾಗೆ ನಿಲ್ಲಿಸಿಬಿಟ್ಟಿದ್ದಾರೆ" ಎಂದು ಗೊಯೊ ಮಾವ ಕೇಕಿನ ತಟ್ಟೆ ಹಿಡಿದು ಹಿಂದಿನಿಂದ ಅಮ್ಮನಿಗೆ ಹೇಳುತ್ತಿದ್ದ. ಅಮ್ಮ ಆಗಲೇ ಮುಂದಕ್ಕೆ ಸರಿದಿದ್ದಳು. ಒಂದು ಹಲಗೆಯ ಮುಂದೆ ನಿಂತವಳು ನಿಂತೇ ಇದ್ದಳು.

ಅಂಗೈಯಗಲದ ಫೋಟೋ. ಒಂದು ಬಾಂಬರ್ ಅಡ್ಡಲಾಗಿ ನಿಂತಿದೆ. ಅದರ ರೆಕ್ಕೆಯ ನೆರಳು ಬಿಳಿ ನೆಲದ ಮೇಲೆ ಬಿದ್ದಿದೆ. ಆ ನೆರಳಿನಲ್ಲಿ ಬಾಂಬು ಸಾಗಿಸುವ ತಳ್ಳುಗಾಡಿ, ಅದರ ಮೇಲೆ ಒಬ್ಬ ಪುಟ್ಟ ಹುಡುಗ. ದೊಡ್ಡವರ ಅಂಗಿ ತೊಟ್ಟಿದ್ದಾನೆ. ಕಾಲು ನೆಲಕ್ಕೆ ಎಟುಕುತ್ತಿಲ್ಲ. ತೊಡೆಯ ಮೇಲೆ ತಗಡಿನ ಡಬ್ಬಿ. ಒಂದು ಕೈ ಡಬ್ಬಿಯಲ್ಲಿ, ಇನ್ನೊಂದು ಕೈ ನೆತ್ತಿಯ ಮೇಲೆ. ಮುಖ ನೆರಳಿನಲ್ಲಿ ಮುಳುಗಿಹೋಗಿದೆ. ನನ್ನ ಕಣ್ಣಿಗೆ ಮೂಗೂ ಕಾಣಲಿಲ್ಲ, ಬಾಯೂ ಕಾಣಲಿಲ್ಲ. ಕೆಳಗೆ ಚೀಟಿಯಲ್ಲಿ ವಿಮಾನದ ಹೆಸರು, ಫೋಟೋ ತೆಗೆದ ಮೆಕ್ಯಾನಿಕ್ ವೆಂಡೆಲ್ ಕ್ರೌಸ್ ಎಂಬವರ ಹೆಸರು, ಅವರ ಊರು ನೆಬ್ರಾಸ್ಕಾ ಎಂದಿತ್ತು. ಹುಡುಗನ ಬಗ್ಗೆ ಒಂದಕ್ಷರವಿಲ್ಲ. ಅಮ್ಮ ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದಳು. ಹಿಂದೆ ಜನ ಸೇರಿದರು. ಅವಳು ಜರುಗಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ತಲೆ ಮೇಲೆ ಕೈ ನೋಡು" ಎಂದಳು, ಅಷ್ಟೇ.

ಕಿಕೊ ಮಾವನ ಕಥೆ ನಿನಗೆ ಗೊತ್ತಿರುವುದೇ. ಅಮ್ಮನ ತಮ್ಮ, ಮೂರು ವರ್ಷದವನು, ಅಮೆರಿಕನ್ನರು ನಮ್ಮವರನ್ನು ಕೂಡಿಹಾಕಿದ್ದ ಸುಸುಪೆ ಶಿಬಿರದಿಂದ ಕಳೆದುಹೋದವನು. ಆದರೆ ಅವತ್ತು ಮನೆಗೆ ಬಂದು ಅಮ್ಮ ಹೇಳಿದಷ್ಟು ಎಂದೂ ಹೇಳಿರಲಿಲ್ಲ. ಗುಹೆಯಲ್ಲಿ ಅಡಗಿದ್ದಾಗ ಹೊರಗೆ ಗುಂಡು ಬಿದ್ದಾಗಲೆಲ್ಲ ಅವನು ಅಳುತ್ತಿರಲಿಲ್ಲವಂತೆ, ಅಂಗೈಯನ್ನು ನೆತ್ತಿಯ ಮೇಲೆ ಒತ್ತಿ ಹಿಡಿದು ಕೂರುತ್ತಿದ್ದನಂತೆ, ತಲೆ ಹಾರಿಹೋಗದಿರಲಿ ಎನ್ನುವ ಹಾಗೆ. ಆಮೇಲೆ ಶಿಬಿರದಲ್ಲಿ ಬಾಗಿಲು ಬಡಿದರೂ ಅದೇ, ಕೆಮ್ಮಿದರೂ ಅದೇ. ಅವನಿಗೆ ಜ್ವರ ಬಂತು, ಕಾಲಿನ ಗಾಯ ಕೀವಾಯಿತು. ರೋಗಿಗಳನ್ನು ಗುಡಾರದ ಆಸ್ಪತ್ರೆಗೆ ಒಯ್ಯಲು ಸೇನೆಯ ಲಾರಿ ಬಂದಾಗ ಹದಿನಾಲ್ಕು ವರ್ಷದ ಅಮ್ಮನೇ ಅವನನ್ನು ಎತ್ತಿ ಮೇಲೆ ನಿಂತವನ ಕೈಗೆ ಕೊಟ್ಟಳಂತೆ. ಜೊತೆಗೆ ಹತ್ತಲು ಹೋದರೆ ಜಾಗವಿಲ್ಲ ಎಂದು ಕೈಸನ್ನೆ ಮಾಡಿದರಂತೆ. ಆ ಗುಡಾರ ಎಲ್ಲಿತ್ತೆಂದು ಹೇಳುವವರಿರಲಿಲ್ಲ. ಆಮೇಲೆ ಅದನ್ನು ಕಿತ್ತು ಬೇರೆಡೆ ಹಾಕಿದರು. ಕೇಳಿದರೆ ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸಿದ. ನಮ್ಮವರು ಬೇಲಿ ದಾಟುವಂತಿರಲಿಲ್ಲ. ಅಜ್ಜಿ, ಮಗು ಹೋಯಿತು ಎಂದು ಎದೆ ಬಡಿದುಕೊಂಡಳು. ಅಮ್ಮ ಹೋಯಿತು ಎನ್ನಲಿಲ್ಲ, ಇದೆ ಎನ್ನಲೂ ಇಲ್ಲ. ಐವತ್ತು ವರ್ಷ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡಳು, ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ ಕೇಳು. ಆ ಲಾರಿ ಬಂದದ್ದು ಜುಲೈಯಲ್ಲಿ. ಆ ಜಾತಿಯ ದೊಡ್ಡ ಬಾಂಬರ್‌ಗಳು ನಮ್ಮ ದ್ವೀಪಕ್ಕೆ ಮೊದಲು ಬಂದದ್ದು ಅಕ್ಟೋಬರಿನಲ್ಲಿ. ಅಲ್ಲಿ ಕೆಲಸ ಮಾಡುವ ನಮಗೆಲ್ಲ ಇದು ಬಾಯಿಪಾಠ. ಹಾಗಾದರೆ ಆ ಹುಡುಗ ಕಿಕೊ ಆಗಿದ್ದರೆ, ಅಜ್ಜಿ ಎದೆ ಬಡಿದುಕೊಂಡ ಮೂರು ತಿಂಗಳ ಮೇಲೂ ಅವನು ಬದುಕಿದ್ದ. ಬೇಲಿಯಿಂದ ಒಂದೆರಡು ಗಂಟೆ ನಡೆದರೆ ಸಿಗುವಷ್ಟು ದೂರದಲ್ಲಿ ನೆರಳಲ್ಲಿ ಕೂತು ಡಬ್ಬಿಯಿಂದ ಏನೋ ತಿನ್ನುತ್ತಿದ್ದ. ಆಮೇಲೆ? ಆ ಆಮೇಲೆಯನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು, ಅವರು ಆ ಹೊತ್ತಿಗೆ ಸಭಾಂಗಣದ ಇನ್ನೊಂದು ತುದಿಯಲ್ಲಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಹೋಗಿ ಕೇಳಿಬರುತ್ತೇನೆ ಎಂದು ಹೊರಟರೆ ಅಮ್ಮ ನನ್ನ ತೋಳು ಹಿಡಿದಳು. "ಮುಖ ಪರಿಚಯ ಇಲ್ಲದವರ ಹತ್ರ ಹೋಗಿ ನಮಗೆ ಬೇಕಾದ್ದು ಕೇಳೋದೇನೋ? ಊಟಕ್ಕೆ ಕರಿ. ಉಂಡ ಮೇಲೆ ಕೇಳೋಣ."

ವೆಂಡೆಲ್ ಬಂದರು. ಎಪ್ಪತ್ತು ದಾಟಿದ್ದಾರೆ, ಎತ್ತರದ ಆಳು, ಈಗ ಬಗ್ಗಿದ್ದಾರೆ, ಕಿವಿಗೊಂದು ಯಂತ್ರ. ಹೆಂಡತಿ ತೀರಿಕೊಂಡಿದ್ದಾರೆ. ನಾನು ವಿಮಾನ ನಿಲ್ದಾಣದವನೆಂದು ತಿಳಿದದ್ದೇ ಅವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತು. ಯಾವ ವಿಮಾನದ ಯಾವ ಎಂಜಿನ್ನು ಬೆಳಗ್ಗೆ ಕೆಮ್ಮುತ್ತಿತ್ತು, ಯಾವುದರ ಟೈರು ಎಷ್ಟು ಬೇಗ ಸವೆಯುತ್ತಿತ್ತು, ಯಾವುದು ಹೋದದ್ದು ಮರಳಿ ಬರಲಿಲ್ಲ, ಎಲ್ಲ ನಿನ್ನೆ ಮೊನ್ನೆಯ ಹಾಗೆ ಹೇಳಿದರು. ಅಮ್ಮ ಕೆಂಪು ಅನ್ನ, ಉಪ್ಪು ಹಾಕಿ ಒಣಗಿಸಿ ಸುಟ್ಟ ಮಾಂಸ, ನಿಂಬೆಹುಳಿ ಹಿಂಡಿ ತೆಂಗಿನತುರಿ ಬೆರೆಸಿದ ಕೋಳಿ, ದೀವಿಹಲಸು, ಎಲ್ಲ ಮಾಡಿದ್ದಳು. ಅವರು ತಿಂದರು, ಹೊಗಳಿದರು, ಮತ್ತೆ ತಿಂದರು. ತಟ್ಟೆ ಎತ್ತಿದ ಮೇಲೆ ನಾನು ಅಮ್ಮನ ಮುಖ ನೋಡಿದೆ. ಅವಳು ಬೇಡವೆಂದು ತಲೆ ಆಡಿಸಿದಳು. ಅಡುಗೆಮನೆಗೆ ಹೋಗಿ ಕೇಳಿದರೆ, "ಅನ್ನ ಇನ್ನೂ ಗಂಟಲಲ್ಲಿದೆ, ಈಗ್ಲೇ ಕೇಳಿದ್ರೆ ಇದಕ್ಕೇ ಹಾಕಿದ್ರು ಊಟ ಅಂದ್ಕೊಳ್ಳಲ್ವಾ? ನಾಳೆ ಬರಲಿ" ಎಂದಳು. ನಮ್ಮ ಮನೆಯ ಪದ್ಧತಿ ನಿನಗೆ ಹೊಸದಲ್ಲ. ಬೇಕಾದವನು ಬಾಯಿ ಬಿಡಬಾರದು, ಇದ್ದವನು ಕಾಯಿಸಬಾರದು. ಪಕ್ಕದ ಮನೆಯಲ್ಲಿ ಉಪ್ಪು ಬೇಕಾದರೂ ಹೋಗಿ ಕೂತು ಹವೆಯ ಮಾತಾಡಿ, ಅವರಾಗಿ "ಉಪ್ಪೇನಾದರೂ ಬೇಕಿತ್ತಾ" ಎನ್ನುವ ತನಕ ಕಾಯುವವರು ನಾವು. ನೆಬ್ರಾಸ್ಕಾದಲ್ಲಿ ಹೀಗೆ ಕಾಯುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

ಎರಡನೆಯ ದಿನ ಅಮ್ಮ ಗೊಯೊ ಮಾವನನ್ನು ಕರೆಸಿದಳು. ಮಾತಿನಲ್ಲಿ ಕೇಳಬಾರದ್ದನ್ನು ಹಾಡಿನಲ್ಲಿ ಕೇಳಬಹುದಲ್ಲ. ಊಟವಾದ ಮೇಲೆ ಗೊಯೊ ಮಾವ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ನಮ್ಮ ಮಾತಿನಲ್ಲಿ ಅಲ್ಲೇ ಕಟ್ಟಿ ಹಾಡಲು ಶುರುಮಾಡಿದ. ಮೊದಲು ಸುಮ್ಮನೆ ಕಾಲೆಳೆದ:

ಮೀನು ತಿಂದ, ಮಾಂಸ ತಿಂದ, ಮುಳ್ಳು ಕೂಡ ನೆಕ್ಕಿದ,
ಮಾತು ಮಾತ್ರ ಗಂಟು ಕಟ್ಟಿ ಗಂಟಲೊಳಗೆ ಇಕ್ಕಿದ.

ನಾವೆಲ್ಲ ನಕ್ಕೆವು, ವೆಂಡೆಲ್ ಅವರೂ ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಅಮ್ಮನ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಎರಡನೆಯದು ಹಾಡಿದ:

ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿ ಕಡಲು ದಾಟಿ ಹಾರಿತು,
ಅಡ್ಡ ರೆಕ್ಕೆ ಕೆಳಗೆ ಕುಳಿತ ಮರಿಯು ಎಲ್ಲಿ ಸೇರಿತು?

ಪ್ರಾಸದ ಹುಚ್ಚಿರುವ ನನಗೂ ಅವತ್ತು ಪ್ರಾಸ ಕೇಳಿಸಲಿಲ್ಲ, ಅಕ್ಕ. ಅಮ್ಮ ಹೆಗಲ ಮೇಲೆ ಹಾಕಿಕೊಂಡಿದ್ದ ಟವೆಲಿನ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ವೆಂಡೆಲ್ ನನ್ನ ಕಡೆ ಬಾಗಿ, ಹಾಡು ಯಾವುದರ ಬಗ್ಗೆ ಎಂದು ಕೇಳಿದರು. ಹೇಳಲೇ ಎಂದು ಅಮ್ಮನನ್ನು ಕೇಳಿದೆ. ಐವತ್ತು ವರ್ಷ ಕಾದವಳು ಆ ಗಳಿಗೆಯಲ್ಲಿ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, "ಮೀನಿನ ಹಾಡು ಅಂತ ಹೇಳಿಬಿಡೋ" ಎಂದಳು. ಹೇಳಿದೆ. ಮೀನು ನಿಜಕ್ಕೂ ಬಹಳ ಚೆನ್ನಾಗಿತ್ತು ಎಂದು ವೆಂಡೆಲ್ ತಲೆದೂಗಿದರು. ಪಾತ್ರೆ ತೊಳೆಯುತ್ತಿದ್ದ ರುಫಿನಾ ಆ ರಾತ್ರಿ ನನಗೆ, "ನೀವು ಅಮ್ಮ ಮಗ ಮಾವ ಮೂರೂ ಜನ ಸೇರಿ ಒಂದು ಪ್ರಶ್ನೆ ಕೇಳೋ ಹೊತ್ತಿಗೆ ಈ ಊರಲ್ಲಿ ಹಂದಿ ಉಳಿಯಲ್ಲ" ಎಂದಳು. ಅವಳು ಫಿಲಿಪೀನ್ಸಿನವಳು, ಉಪ್ಪು ಬೇಕಾದರೆ ಉಪ್ಪು ಎಂದೇ ಕೇಳುವವಳು.

ಮೂರನೆಯ ದಿನ ಅವರು ತಮ್ಮ ಸ್ವಂತ ಆಲ್ಬಮನ್ನು ತಂದರು. ಪ್ರದರ್ಶನ ಮುಗಿದು ಆ ಫೋಟೋ ಅದರೊಳಗೆ ಮರಳಿತ್ತು. ಒಂದೊಂದೇ ಹಾಳೆ ತಿರುಗಿಸಿ ಹೇಳುತ್ತ ಬಂದವರು ಆ ಹಾಳೆಗೆ ಬಂದಾಗ ಸುಮ್ಮನಾದರು. ಆಲ್ಬಮನ್ನು ತಿರುಗಿಸಿ ಅಮ್ಮನ ಎದುರಿಗೆ ಸರಿಸಿದರು. ರೆಕ್ಕೆಯ ಪಕ್ಕದಲ್ಲಿ ಬೆರಳಿಟ್ಟು ಅವಳ ಮುಖ ನೋಡಿದರು. ವಿಮಾನದ ಹೆಸರನ್ನೂ ಹೇಳಲಿಲ್ಲ. ಅವರು ಏನನ್ನೋ ಕಾಯುತ್ತಿದ್ದಾರೆ ಎಂದು ನನಗೆ ಅನಿಸಿತು, ಆದರೆ ಮುದುಕರಿಗೆ ಮಾತಿನ ನಡುವೆ ಉಸಿರು ಬೇಕಾಗುತ್ತದಲ್ಲ, ಅದೂ ಇರಬಹುದು ಎಂದುಕೊಂಡೆ. ಅಮ್ಮನ ತುಟಿ ಅಲುಗಿತು. ನಾನು ಇಂಗ್ಲಿಷಿನಲ್ಲಿ ಹೇಳಲು ಸಿದ್ಧನಾದೆ. "ಅವರ ತಟ್ಟೆ ಖಾಲಿ ಇದೆ, ಇನ್ನೊಂದು ಏಡಿ ಹಾಕು" ಎಂದಳು. ನಾನು ಏಡಿ ಹಾಕಿದೆ. ಅವರು ಆಲ್ಬಮ್ ಮುಚ್ಚಿದರು. ಮರುದಿನ ಸಂಜೆ ಅವರ ತಂಡ ಹೊರಡುವುದಿತ್ತು. ಅಮ್ಮ ನಿರ್ಧಾರ ಮಾಡಿದಳು: "ನಾಳೆ ವಿಮಾನ ನಿಲ್ದಾಣದಲ್ಲಿ ಬುತ್ತಿ ಕೊಟ್ಟು ಕೇಳ್ತೀನಿ. ಹೊರಟು ನಿಂತೋರನ್ನ ಕೇಳಿದ್ರೆ ಊಟಕ್ಕೂ ಅದಕ್ಕೂ ಗಂಟು ಇರಲ್ಲ." ಬುತ್ತಿಯನ್ನೂ ಕಟ್ಟಿದಳು.

ಬೆಳಿಗ್ಗೆ ಹೋಟೆಲಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು, ಮಾತು ನಿಂತಿತು. ನಮ್ಮ ಆಸ್ಪತ್ರೆಯ ಡಾಕ್ಟರು ನನ್ನನ್ನು ಕರೆಸಿ ಹಿಂದಿನ ದಿನಗಳಲ್ಲಿ ಏನೇನು ತಿಂದಿದ್ದರು, ಯಾವುದರಲ್ಲಿ ಉಪ್ಪಿತ್ತು ಎಂದು ಕೇಳಿದರು. ಯಾವುದರಲ್ಲಿ ಇರಲಿಲ್ಲ ಎಂದು ಕೇಳಿದ್ದರೆ ಬೇಗ ಮುಗಿಯುತ್ತಿತ್ತು. ಊಟದಿಂದಲೇ ಆದದ್ದಲ್ಲ, ವಯಸ್ಸು, ಬಿಸಿಲು, ಹಳೆಯ ರಕ್ತದೊತ್ತಡ ಎಂದು ಆಮೇಲೆ ಸಮಾಧಾನ ಹೇಳಿದರು. ಅಮ್ಮ ಆ ಸಮಾಧಾನವನ್ನು ಸ್ವೀಕರಿಸಲಿಲ್ಲ, ತಿರಸ್ಕರಿಸಲೂ ಇಲ್ಲ. ಅವರ ಜೊತೆಗಾರರು ಟಿಕೆಟ್ಟು ತಪ್ಪಿಸಲಾಗದೆ, ಒಬ್ಬೊಬ್ಬರೇ ಬಂದು ಅವರ ಹೆಗಲು ಮುಟ್ಟಿ ಹೊರಟುಹೋದರು. ಮಗಳು ನೆಬ್ರಾಸ್ಕಾದಿಂದ ಬರುವ ತನಕ ಮಂಚದ ಪಕ್ಕದಲ್ಲಿ ಅಮ್ಮ ಕೂತಳು. ಬಾಯೊರೆಸಿದಳು, ಗಂಜಿ ಕುಡಿಸಿದಳು, ದಿಂಬು ಸರಿಮಾಡಿದಳು. ತನ್ನವರು ಯಾರೂ ಇಲ್ಲದ ಊರಿನ ಆಸ್ಪತ್ರೆಯಲ್ಲಿ ಒಬ್ಬ ಮಲಗಿದ್ದಾನೆ, ಅವನ ಹಾಸಿಗೆಯ ಹತ್ತಿರ ಯಾರಾದರೂ ಕೂರಲೇಬೇಕು ಎನ್ನುವ ಹಾಗೆ ಕೂತಳು. ನಾನು ಬಾಗಿಲಲ್ಲಿ ನಿಂತು ಇದನ್ನು ನೋಡಿ, ಯಾರನ್ನು ಆರೈಕೆ ಮಾಡುತ್ತಿದ್ದೀಯಮ್ಮ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಪದ್ಧತಿ ನನಗೂ ಅಂಟಿದೆ.

ಅಲ್ಲೇ, ಒಂದು ಮಧ್ಯಾಹ್ನ, ಅಮ್ಮ ಕೇಳಿದಳು. ದುಭಾಷಿ ಬೇಡವಾಯಿತು, ಇಂಗ್ಲಿಷು ಬೇಡವಾಯಿತು. ಬಾಗಿ, ಅವರ ಕಿವಿಯ ಯಂತ್ರದ ಹತ್ತಿರ ಬಾಯಿಟ್ಟು, ನಮ್ಮ ಹಿರಿಯರನ್ನು ಕರೆಯುವ ಹಾಗೆ ತುನ್ ಸೇರಿಸಿ, ನಮ್ಮ ಮಾತಿನಲ್ಲೇ ಕೇಳಿದಳು: "ತುನ್ ವೆಂಡೆಲ್, ಆ ಹುಡುಗ ಎಲ್ಲಿ ಹೋದ? ನನ್ನ ತಮ್ಮ ಅವನು. ಲಾರಿಗೆ ಎತ್ತಿಕೊಟ್ಟೋಳು ನಾನೇ. ಅವನು ಏನಾದ?" ಅವರು ಕಣ್ಣು ಬಿಟ್ಟು ಅವಳನ್ನೇ ನೋಡಿದರು. ಬಾಯಿ ಒಂದು ಕಡೆಗೆ ಎಳೆಯಿತು, ಶಬ್ದವೊಂದು ಬಂತು, ಮಾತಾಗಲಿಲ್ಲ. ಆಮೇಲೆ ಅವರು ಸ್ವಾಧೀನದಲ್ಲಿದ್ದ ಬಲಗೈಯನ್ನು ನಿಧಾನವಾಗಿ ಎತ್ತಿ ತಮ್ಮ ನೆತ್ತಿಯ ಮೇಲೆ ಅಂಗೈಯಿಟ್ಟು ಒತ್ತಿ ಹಿಡಿದುಕೊಂಡರು. ಹಿಡಿದೇ ಇದ್ದರು.

ದೇವರಾಣೆಗೂ ನಾನು ಕಂಡದ್ದು ಇಷ್ಟೇ. ನರ್ಸು ಒಳಗೆ ಬಂದವಳು, "ಪಾಪ, ತಲೆನೋವು, ಇವರಿಗೆಲ್ಲ ಹೀಗೇ ಆಗುತ್ತೆ" ಎಂದು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಸೂಜಿ ಕೊಟ್ಟಳು. ಅವರು ನಿದ್ದೆಹೋದರು. ತಲೆನೋವೇ ಇರಬಹುದು. ಅಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಈಗ ನಾಚಿಕೆಯೆಲ್ಲ ಬಿಟ್ಟು, ಅಂಗಡಿಯಲ್ಲಿ ಸಾಮಾನು ಕೇಳುವವಳ ಹಾಗೆ ಕೇಳಿದಳು. ಅವರ ಕಣ್ಣಲ್ಲಿ ನೀರು ಬಂತು. ಕೈ ಮತ್ತೆ ಏಳಲಿಲ್ಲ.

ಮಗಳು ಪೆಗಿ ಬಂದಳು. ನನ್ನ ವಯಸ್ಸಿನವಳು, ಒಳ್ಳೆಯವಳು. ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿ, ಅಪ್ಪ ಆ ಹುಡುಗನ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ಆ ಫೋಟೋ ಅವರ ಹಾಸಿಗೆಯ ಪಕ್ಕದ ಮೇಜಿನ ಖಾನೆಯಲ್ಲಿ ಎಷ್ಟೋ ವರ್ಷ ಇತ್ತಂತೆ, ಯಾಕೆಂದು ಅವಳಿಗೂ ತಿಳಿಯದಂತೆ. ಇಲ್ಲಿಗೆ ಬರುವ ಮೊದಲೇ ಆಲ್ಬಮಿಗೆ ಸೇರಿದ್ದಂತೆ. ಆಮೇಲೆ ಅವಳು ಹೇಳಿದ ಮಾತನ್ನು ನಾನು ಅಮ್ಮನಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. "ನೀವು ಅಪ್ಪನ್ನ ಯಾಕೆ ಕೇಳಲಿಲ್ಲ? ವಿಮಾನದ ವಿಷಯ ಆದ್ರೆ ಅವರು ತಾವಾಗೇ ಹೇಳ್ತಿದ್ರು. ಮನುಷ್ಯರ ವಿಷಯ ಆದ್ರೆ ಯಾರಾದ್ರೂ ಕೇಳಿದ್ರೆ ಮಾತ್ರ. ಕೇಳದೆ ಹೇಳಿದ್ರೆ ಇನ್ನೊಬ್ಬರ ಗಾಯಕ್ಕೆ ಕೈ ಹಾಕಿದ ಹಾಗೆ ಅಂತಿದ್ರು." ಹೀಗಿದೆ ನೋಡು ಅಕ್ಕ. ಅಮ್ಮ ಕೇಳಲಿ ಎಂದು ವೆಂಡೆಲ್ ಕಾದರು, ವೆಂಡೆಲ್ ಹೇಳಲಿ ಎಂದು ಅಮ್ಮ ಕಾದಳು. ನಡುವೆ ಏಡಿ ತಣ್ಣಗಾಯಿತು. ಎರಡೂ ಕಡೆ ಮರ್ಯಾದಸ್ಥರೇ.

ಪೆಗಿ ಆ ಫೋಟೋವನ್ನು ಆಲ್ಬಮಿನಿಂದ ಬಿಡಿಸಿ ಅಮ್ಮನ ಕೈಗಿಟ್ಟಳು. ಅಮ್ಮ ಭೂತಗನ್ನಡಿಯಿಲ್ಲದೆಯೇ ಅದನ್ನು ತುಂಬ ಹೊತ್ತು ನೋಡಿ ಮರಳಿ ಕೊಟ್ಟುಬಿಟ್ಟಳು. "ಅವರು ಎದ್ದು ಕೂತಾಗ ಇದನ್ನ ಹುಡುಕಿದ್ರೆ? ಇದು ಕಂಡ್ರೆ ಮಾತು ಬಂದ್ರೂ ಬರಬಹುದು." ರುಫಿನಾ ತಲೆ ಚಚ್ಚಿಕೊಂಡಳು. ನನಗೂ ಸಿಟ್ಟು ಬಂತು. ಆದರೆ ಅಮ್ಮನ ಲೆಕ್ಕ ಬೇರೆ. ಫೋಟೋ ಇಟ್ಟುಕೊಂಡರೆ ಅವಳ ಹತ್ತಿರ ಫೋಟೋ ಇರುತ್ತಿತ್ತು. ಕೊಟ್ಟು ಕಳಿಸಿದರೆ ಉತ್ತರ ಬರುವ ಸಾಧ್ಯತೆ ಇರುತ್ತಿತ್ತು.

ಅವರನ್ನು ಒಯ್ಯಲು ಆಸ್ಪತ್ರೆಯ ವಿಮಾನ ಬಂದ ದಿನ ನನ್ನ ಪಾಳಿಯೇ ಇತ್ತು. ನಿಯಮದ ಪ್ರಕಾರ ಬೆಂಕಿಯ ಗಾಡಿಯನ್ನು ರನ್‌ವೇ ಪಕ್ಕದಲ್ಲಿ ತಂದು ನಿಲ್ಲಿಸಿದ್ದೆ. ಅಮ್ಮ ಬೇಲಿಯ ಹೊರಗೆ ಗೊಯೊ ಮಾವನ ಜೊತೆ ನಿಂತಿದ್ದಳು. ಅಷ್ಟು ಸಣ್ಣ ವಿಮಾನಕ್ಕೂ ಅಷ್ಟು ದೊಡ್ಡ ಸದ್ದಿರುತ್ತದೆ ಎಂದು ನಾನು ಯಾವತ್ತೂ ಗಮನಿಸಿರಲಿಲ್ಲ. ಅದು ಎದ್ದು ಟಿನಿಯನ್ ದ್ವೀಪದ ಕಡೆ ತಿರುಗಿ ಮೋಡ ಸೇರಿತು. ಇಷ್ಟು ವರ್ಷ ಬೆಂಕಿಗಾಗಿ ಕಾದಿದ್ದೇನೆ, ನೀರು ತುಂಬಿದ ಗಾಡಿಯ ಮೇಲೆ ಕೂತು ನನ್ನಿಂದ ಏನೂ ಆರಿಸಲಾಗದು ಎಂದು ತಿಳಿದದ್ದು ಅವತ್ತು.

ಈಗ ಪಾಳಿ ಮುಗಿದ ಮೇಲೆ ನಾನು ಹಳೆಯ ಬಾಂಬರ್‌ಗಳು ನಿಲ್ಲುತ್ತಿದ್ದ ಜಾಗಗಳಲ್ಲಿ ತಿರುಗುತ್ತೇನೆ. ತಂಗನ್-ತಂಗನ್ ಪೊದೆ ಆಳೆತ್ತರ ಬೆಳೆದಿದೆ, ಕೆಳಗೆ ಅಲ್ಲಲ್ಲಿ ಬಿಳಿ ಹವಳದ ನೆಲ. ಫೋಟೋದಲ್ಲಿ ವಿಮಾನದ ಹಿಂದೆ ಗುಡ್ಡದ ಅಂಚೊಂದು ಇತ್ತೇ, ಇಲ್ಲವೇ ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಆ ಗುಡ್ಡಕ್ಕೆ ಈ ಗುಡ್ಡ ಹೊಂದಿಸಿ, ಇಲ್ಲಿ ಕೂತಿದ್ದ ಎನ್ನುತ್ತೇನೆ. ಹತ್ತು ಹೆಜ್ಜೆ ಆಚೆ ಹೋದರೆ ಅಲ್ಲೂ ಹೊಂದುತ್ತದೆ. ನಾನು ಎಲ್ಲಿ ಹೋಗಿದ್ದೆ ಎಂದು ಅಮ್ಮ ಕೇಳುವುದಿಲ್ಲ, ನನ್ನ ಚಪ್ಪಲಿಯ ಬಿಳಿ ಧೂಳು ಮಾತ್ರ ಒರೆಸಿಡುತ್ತಾಳೆ. ಅಷ್ಟು ಪುಟ್ಟ ಮಗುವನ್ನು ಬಾಂಬಿನ ಗಾಡಿಯ ಮೇಲೆ ಕೂರಿಸಿ ತಿನ್ನಲು ಕೊಟ್ಟವರು ಯಾರೋ ಒಳ್ಳೆಯವರೇ ಇರಬೇಕು ಎಂದು ರುಫಿನಾ ಒಮ್ಮೆ ಹೇಳಿದಳು. ಅಮ್ಮ, "ಡಬ್ಬೀಲಿ ಏನಿತ್ತೋ" ಎಂದಳು. ಅದೊಂದನ್ನು ಕೇಳಿದಳು, ಮತ್ತೇನೂ ಇಲ್ಲ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊ. ಹಿರಿಯ ತಾಯಿಗೆ ನಮ್ಮೆಲ್ಲರ ವಂದನೆ ತಿಳಿಸು. ಮಕ್ಕಳು ನಿನ್ನನ್ನು ನೆನೆಯುತ್ತಾರೆ. ಜಾಲರಿಯ ಹಿಂದಿನ ಅತ್ತೆ ಎನ್ನುತ್ತಾರೆ, ಬೇಸರಪಡಬೇಡ. ಅಮ್ಮ ಆಶೀರ್ವಾದ ತಿಳಿಸು ಎಂದಿದ್ದಾಳೆ, ಯಾವ ವಿಷಯಕ್ಕೆ ಬರೆಯುತ್ತಿದ್ದೇನೆ ಎಂದು ಅವಳು ಕೇಳಲಿಲ್ಲ. ನೀನು ಉತ್ತರ ಬರೆದರೆ ಇದನ್ನೆಲ್ಲ ಎತ್ತಬೇಡ, ಅವಳೇ ಓದಿಸಿಕೊಳ್ಳುತ್ತಾಳೆ.

ಇತಿ ನಿನ್ನ ಕೈ ಮೂಸುವ ತಮ್ಮ,
ನಾಸ್ಯೊ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಪೆಗಿಯ ಫೋನು ಬಂತು. ವೆಂಡೆಲ್ ಹೋದರಂತೆ. ಫೋಟೋ ಎದುರಿಗೆ ಇಟ್ಟಿದ್ದಳಂತೆ, ಮಾತು ಮರಳಲಿಲ್ಲವಂತೆ. ಅಮ್ಮ ಒಲೆ ಆರಿಸಿ, ಪ್ರಾರ್ಥನೆ ನಡೆಸುವ ತಾನ್ ಕೋಲಾಳನ್ನು ಕರೆಸಿದಳು. ನಾಳೆಯಿಂದ ನಮ್ಮ ಮನೆಯಲ್ಲಿ ಸತ್ತವರ ಜಪಸರ, ಒಂಬತ್ತು ಸಂಜೆ. "ಆ ಮನುಷ್ಯ ಲೂಥರನ್ ಪಂಥದೋನು, ಕ್ಯಾಥೊಲಿಕ್ ಅಲ್ಲ, ನಮ್ಮ ಜಪಸರ ಅವನಿಗೆ ಮುಟ್ಟುತ್ತಾ ನಿಬೆಸ್?" ಎಂದು ಕೋಲಾ ತಕರಾರು ತೆಗೆದಳು. "ನಮ್ಮ ಕೆಂಪು ಅನ್ನ ಮುಟ್ಟಿದೆ, ಇದೂ ಮುಟ್ಟುತ್ತೆ" ಎಂದಳು ಅಮ್ಮ. ಪ್ರಾರ್ಥನೆಯಲ್ಲಿ ಸೇರಿಸಲು ಹೆಸರು ಕೇಳಿದಾಗ ವೆಂಡೆಲ್ ಕ್ರೌಸ್ ಎಂದಳು. ಕೋಲಾ ಎದ್ದು ಬಾಗಿಲ ತನಕ ಹೋದ ಮೇಲೆ, "ಇನ್ನೊಂದಿದೆ, ಫ್ರಾನ್ಸಿಸ್ಕೊ" ಎಂದಳು. ಕಿಕೊ ಮಾವನ ಪೂರ್ತಿ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಕಾಲು ಹಿಡಿದರೂ ಅವನಿಗೆ ಜಪಸರ ಹೇಳಿಸಲು ಬಿಡದಿದ್ದವಳು. ನೀನೂ ಅಲ್ಲಿ ಇಬ್ಬರನ್ನೂ ಸೇರಿಸಿಕೋ. ಬಿಡಿಬಿಡಿಯಾಗಿ ಬೇಡವಂತೆ, ಹೆಸರು ಒಟ್ಟಿಗೇ ಹೇಳಬೇಕಂತೆ.